ಮುಳ್ಳು ನಿಜ ಹೇಳಬೇಕು



ನಮ್ಮ ಚಿಪ್ಪಗಿರಿ ಕಡೆಯ ಹುಡುಗರ ಪಾಡು ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಫಿಸಿಕ್ಸ್ ಪುಸ್ತಕ ಇಂಗ್ಲಿಷ್. ಮೂರರ ನಡುವೆ ಲೆಕ್ಕ ಕಳೆದುಹೋಗುತ್ತದೆ. ನಮ್ಮ ಯುವಜನರ ಗುಂಪಿನಲ್ಲಿ ಹತ್ತನೇ ತರಗತಿ ಮುಗಿಸಿದ ಒಬ್ಬ ತಮ್ಮ ಇದ್ದಾನೆ. ಲೆಕ್ಕ ತಲೆಗೆ ಹತ್ತುವುದಿಲ್ಲ, ಇಂಟರ್‌ನಲ್ಲಿ ಎಂಪಿಸಿ ಬೇಡ ಎಂದು ಹಟ ಹಿಡಿದಿದ್ದ. ಅವನ ಅಮ್ಮನ ದೂರು ಬೇರೆ: "ಹಗಲೂ ರಾತ್ರಿ ಫೋನಿನಾಗ ವಿಮಾನ ಮಾಡ್ತಾನಪ್ಪಾ, ನೀನಾದ್ರೂ ಬುದ್ಧಿ ಹೇಳು."

ಹೇಳುವ ಮೊದಲು ನೋಡೋಣ ಎಂದು ಅವನ ಪಕ್ಕ ಕುಳಿತೆ. ಆಟದ ಹೆಸರು ಸಿಂಪಲ್‌ಪ್ಲೇನ್ಸ್. ರೆಕ್ಕೆ, ಎಂಜಿನ್ ಜೋಡಿಸಿ ವಿಮಾನ ಕಟ್ಟಿ ಹಾರಿಸಬೇಕು. ಇವನು ಕಾಕ್‌ಪಿಟ್‌ಗೆ ಸ್ವಂತ ಸ್ಪೀಡೋಮೀಟರ್ ಮಾಡಿದ್ದ. ಅರ್ಧ ಸುತ್ತಿನಲ್ಲಿ 0ಯಿಂದ 540 ಕಿ.ಮೀ. ಅಂಕಿಗಳು, ನಡುವೆ ತಿರುಗುವ ಮುಳ್ಳು. ನೋಡಲು ಚೆಂದ. ಆದರೆ ಇಳಿಸಿದಾಗಲೆಲ್ಲ ವಿಮಾನ ರನ್‌ವೇ ದಾಟಿ ಹೋಗುತ್ತಿತ್ತು. "ಅಣ್ಣಾ, ಮುಳ್ಳು ಅರವತ್ತೇ ತೋರಸ್ತೈತಿ, ವಿಮಾನ ಯಾಕ ನಿಲ್ಲವಲ್ದು?"

ಮುಳ್ಳಿಗೆ ಅವನು ಕೊಟ್ಟಿದ್ದ ವೇಗದ ಹೆಸರು ಐಎಎಸ್. ಕಲೆಕ್ಟರ್ ಐಎಎಸ್ ಅಲ್ಲ. ವಿಮಾನದ ಮೀಟರ್ ತೋರಿಸುವ ಗಾಳಿವೇಗ. ಆಟದಲ್ಲಿ ಅದು ಬರುವುದು ಸೆಕೆಂಡಿಗೆ ಇಷ್ಟು ಮೀಟರ್ ಎಂದು. ಅವನು ಅದನ್ನು ನೇರ 540ರಿಂದ ಭಾಗಿಸಿದ್ದ. ಸೆಕೆಂಡಿಗೆ 1 ಮೀಟರ್ ಎಂದರೆ ಗಂಟೆಗೆ 3.6 ಕಿ.ಮೀ. ಅಂದರೆ ಮುಳ್ಳು 60 ತೋರಿದಾಗ ನಿಜವಾದ ವೇಗ 216! 540ನ್ನು 3.6ರಿಂದ ಭಾಗಿಸು ಎಂದೆ. 150 ಬಂತು. ಭಾಜಕ ಬದಲಾಯಿಸಿದ. 75 ಮೀಟರ್ ವೇಗಕ್ಕೆ ಮುಳ್ಳು ಸರಿಯಾಗಿ ನಡುವೆ, 270ರ ಗೆರೆಯ ಮೇಲೆ ನಿಂತಿತು. ಒಂದು ಕಡೆ ಸರಿಯಾದರೆ ಸಾಲದು ಎಂದು ಇನ್ನೆರಡು ವೇಗಗಳಲ್ಲೂ ತಾಳೆ ನೋಡಿದೆವು.

ಮುಂದಿನ ಪ್ರಶ್ನೆ ಅವನದೇ: ಮೇಲೇರಿದಂತೆ ನಿಜವೇಗಕ್ಕೂ ಮುಳ್ಳಿಗೂ ಯಾಕೆ ವ್ಯತ್ಯಾಸ? ವಿಮಾನದ ಮೀಟರ್ ವೇಗವನ್ನು ನೇರವಾಗಿ ಅಳೆಯುವುದಿಲ್ಲ. ಪಿಟೋ ಎಂಬ ಕೊಳವೆಗೆ ನುಗ್ಗುವ ಗಾಳಿಯ ಒತ್ತಡದಿಂದ ಲೆಕ್ಕ ಹಾಕುತ್ತದೆ. ಸುಮಾರು 6,700 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಅರ್ಧ. ಅಲ್ಲಿ ನಿಜವೇಗ ಮುಳ್ಳು ತೋರಿದ್ದರ 1.4 ಪಟ್ಟು. ಆದರೂ ಪೈಲಟ್‌ಗೆ ಆ ಮುಳ್ಳೇ ಬೇಕು, ಯಾಕೆಂದರೆ ರೆಕ್ಕೆಯನ್ನು ಎತ್ತಿ ಹಿಡಿಯುವುದೂ ಅದೇ ಒತ್ತಡ.

ಇದು ಬರೀ ಆಟವಲ್ಲ. 2009ರ ಜೂನ್ 1ರಂದು ಏರ್ ಫ್ರಾನ್ಸ್ 447 ವಿಮಾನದ ಪಿಟೋ ಕೊಳವೆಗಳಿಗೆ ಮಂಜುಗಡ್ಡೆಯ ಹರಳು ಕಟ್ಟಿತು. ವೇಗದ ಅಂಕಿಗಳು ತಪ್ಪಿದವು, ಆಟೋಪೈಲಟ್ ಕಳಚಿತು. ಗೊಂದಲದಲ್ಲಿ ಪೈಲಟ್‌ಗಳಿಗೆ ವಿಮಾನ ಉಳಿಸಿಕೊಳ್ಳಲಾಗಲಿಲ್ಲ. ಅಟ್ಲಾಂಟಿಕ್ ಸಾಗರದಲ್ಲಿ 228 ಜನ ಸತ್ತರು. ಅದನ್ನು ಕೇಳಿ ತಮ್ಮ ಬಹಳ ಹೊತ್ತು ಸುಮ್ಮನಿದ್ದ.

ಅವನು ಎಂಪಿಸಿ ತೆಗೆದುಕೊಳ್ಳುತ್ತಾನೋ ಇಲ್ಲವೋ, ಇನ್ನೂ ತೀರ್ಮಾನವಾಗಿಲ್ಲ. ಆದರೆ "ಲೆಕ್ಕ ಬರಲ್ಲ" ಎನ್ನುವ ಮಾತು ಈಗ ಅವನ ಬಾಯಲ್ಲಿಲ್ಲ. ಅಂಕಪಟ್ಟಿಯೂ ಒಂದು ಮೀಟರೇ, ಅದನ್ನೂ ಒಮ್ಮೆ ತಾಳೆ ನೋಡಬೇಕು. ತಂದೆತಾಯಿಯರೇ, ಫೋನು ಕಸಿದುಕೊಳ್ಳುವ ಮುನ್ನ ಒಂದು ಸಂಜೆ ಪಕ್ಕ ಕುಳಿತು ಕೇಳಿ: "ಏನು ಮಾಡ್ತಿದ್ದೀಯಪ್ಪಾ, ನನಗೂ ತೋರಿಸು."