ಯಡಿಯೂರಿನ ಪಾದಚಾರಿ

ಸಂಚಿಕೆಯ ಸಂಪಾದಕ ಮಿತ್ರರು ನನ್ನಿಂದ ಬಯಸಿದ್ದು ಹಳಗನ್ನಡ ವ್ಯಾಕರಣವನ್ನು ಕುರಿತ ಪ್ರಬಂಧವನ್ನು. ನಾನು ಒಪ್ಪಿಸುತ್ತಿರುವುದು ನಡಿಗೆಯನ್ನು ಕುರಿತ ನಾಲ್ಕು ಮಾತುಗಳನ್ನು. ಸ್ವಂತ ಕಾರಾಗಲಿ ಸ್ಕೂಟರಾಗಲಿ ಇಲ್ಲದೆ ಬೆಂಗಳೂರಿನ ದಕ್ಷಿಣದ ಬಡಾವಣೆಗಳಲ್ಲಿ ಬಹುಕಾಲ ಓಡಾಡಿದವನ ಅನುಭವಗಳಿವು. ವಾಚಕ ಮಹಾಶಯರು ಮನ್ನಿಸಬೇಕು. ವ್ಯಾಕರಣವೂ ನಡುವೆ ಬಾರದಿರದು.

ಯಡಿಯೂರೆಂದೊಡನೆ ಊರ ಕಡೆಯ ನಮ್ಮ ಬಂಧುಗಳು ಕೈಮುಗಿಯುತ್ತಾರೆ. ಅವರ ಮನಸ್ಸು ಹೋಗುವುದು ಕುಣಿಗಲ್ ತಾಲ್ಲೂಕಿನ ಕ್ಷೇತ್ರಕ್ಕೆ, ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಗೆ. ನಾನಿರುವುದು ಜಯನಗರದ ಆರನೆಯ ಬ್ಲಾಕಿಗೆ ಹೊಂದಿಕೊಂಡ, ಕೆರೆಯೊಂದನ್ನು ಇನ್ನೂ ಉಳಿಸಿಕೊಂಡಿರುವ ಯಡಿಯೂರಿನಲ್ಲಿ. ಆ ಯತಿವರ್ಯರು ಏಳುನೂರೊಂದು ವಿರಕ್ತರೊಡನೆ ನಾಡನ್ನು ಸಂಚರಿಸಿದರೆಂಬುದು ಪರಂಪರೆಯ ಮಾತು. ಚರಮೂರ್ತಿಗಳೆಂಬ ಹೆಸರು ನಮ್ಮ ಮಠಗಳಲ್ಲಿ ಇಂದಿಗೂ ಉಂಟು. ಜಂಗಮವೆಂದರೆ ಚಲಿಸುವುದೆಂದು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇನೆ. ಹೇಳಿದ ಸಂಜೆಯೇ ಮನೆಯ ಮುಂದಿನ ರಸ್ತೆಯನ್ನು ದಾಟಲಾರದೆ ಸ್ಥಾವರನಾಗಿ ನಿಲ್ಲುತ್ತೇನೆ.

ಜಯನಗರಕ್ಕೆ 1948ರಲ್ಲಿ ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿಯವರು ಅಡಿಗಲ್ಲಿಟ್ಟರು. ಬಡಾವಣೆಯನ್ನು ಬ್ಲಾಕುಗಳಾಗಿ ವಿಂಗಡಿಸಿ, ಅಲ್ಲಲ್ಲಿ ಉದ್ಯಾನ, ಅಂಗಡಿಸಾಲು, ಶಾಲೆಗಳಿಗೆ ಎಡೆಮಾಡಿದವರಿಗೆ ನಡೆಯುವವರ ನೆನಪಿದ್ದಿರಲೇಬೇಕು. ಈಗಲೂ ಅಡ್ಡರಸ್ತೆಗಳಲ್ಲಿ ಮರದ ನೆರಳು ಹಿಡಿದು ಹೋಗುವುದು ಸುಖವೇ. ನಾಲ್ಕನೆಯ ಬ್ಲಾಕಿನ ಮಾರುಕಟ್ಟೆಯಿಂದ ತರಕಾರಿ ಚೀಲ ಹಿಡಿದು ಮನೆಗೆ ನಡೆದೇ ಬರುತ್ತೇನೆ.

ದೂರದ ಪಯಣಕ್ಕೂ ಈಗ ಕೊರತೆಯಿಲ್ಲ. 2017ರ ಜೂನ್‌ನಲ್ಲಿ ಮೆಟ್ರೋದ ಹಸಿರು ಮಾರ್ಗವು ಸೌತ್ ಎಂಡ್ ವೃತ್ತ, ಜಯನಗರ, ಬನಶಂಕರಿಗಳನ್ನು ಹಾಯ್ದು ಯಲಚೇನಹಳ್ಳಿಯವರೆಗೆ ಬಂದಿತು. 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವಿದ್ಯಾಲಯ ರಸ್ತೆಯ ನಿಲ್ದಾಣದಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗವೂ ಆಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೇರಿದ್ದನ್ನು ಸಂಬಳದ ಕೊನೆಯ ವಾರದಲ್ಲಿ ಮರೆಯಲಾಗದು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ನನ್ನ ಮನೆಯವರು ನನಗಿಂತ ಹೆಚ್ಚು ಊರು ಸುತ್ತಿದ್ದಾರೆ. ನನಗದು ಸಂತೋಷವೇ.

ಆದರೆ ರೈಲಾಗಲಿ ಬಸ್ಸಾಗಲಿ ನಮ್ಮ ಹೊಸ್ತಿಲಿಗೆ ಬಾರದು. ಮನೆಯಿಂದ ನಿಲ್ದಾಣದವರೆಗಿನ ಅರ್ಧ ಮೈಲಿಯೇ ಕಷ್ಟದ ದಾರಿ. ನಮ್ಮ ಕಾಲುದಾರಿಗಳು ಬಹುಮಟ್ಟಿಗೆ ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿಗಳು. ಕೇಬಲ್ ಹೂಳಲು ಬಂದವರು ಚಪ್ಪಡಿಯನ್ನು ಎತ್ತುವರು, ಮರಳಿ ಕೂರಿಸುವಾಗ ಒಂದಂಗುಲ ಓರೆಯಾಗಿಸುವರು. ಮರದ ಬೇರು ಇನ್ನೊಂದನ್ನು ಮೇಲೆತ್ತುವುದು. ಉಳಿದ ತಾವಿನಲ್ಲಿ ಟ್ರಾನ್ಸ್‌ಫಾರ್ಮರು, ನಿಲ್ಲಿಸಿದ ಕಾರು. ಕೆಲವು ವರ್ಷಗಳ ಹಿಂದೆ ಇಂತಹುದೇ ಒಂದು ಚಪ್ಪಡಿ ಅಲುಗಾಡಿ ನಾನು ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಸಂಬಂಧಪಟ್ಟ ಕಚೇರಿಗೆ ಎಡಗೈಯಲ್ಲಿ ಬರೆದ ಅರ್ಜಿಗೆ ಉತ್ತರ ಬರಲಿಲ್ಲ. ಬಹುಶಃ ಅಕ್ಷರ ತಿಳಿಯದೇ ಹೋಗಿರಬಹುದು. ಆರು ವಾರ ನನ್ನ ಪರವಾಗಿ ಕಪ್ಪುಹಲಗೆಯ ಮೇಲೆ ಬರೆದವನು ಎಂಟನೆಯ ತರಗತಿಯ ಒಬ್ಬ ಬಾಲಕ. ಮಹಾಪ್ರಾಣಗಳ ಹೊಟ್ಟೆ ಸೀಳುವುದನ್ನು ಅವನು ಕಲಿತದ್ದು ಆಗಲೇ.

ನನ್ನ ಚಿಂತೆ ಆ ಮಣಿಕಟ್ಟಿನದಲ್ಲ, ನನ್ನ ಗುರುಗಳದು. ನನಗೆ ಕೇಶಿರಾಜನ ಶಬ್ದಮಣಿದರ್ಪಣವನ್ನು ಪಾಠ ಹೇಳಿದ ವಿದ್ವಾಂಸರು ಬನಶಂಕರಿ ಎರಡನೆಯ ಹಂತದಲ್ಲಿ ವಾಸವಾಗಿದ್ದಾರೆ. ಎಂಬತ್ತು ದಾಟಿದ್ದರೂ ಕಾಲಲ್ಲಿ ಕಸುವಿದೆ. ಮೊದಲು ಪ್ರತಿಸಂಜೆ ಯಡಿಯೂರು ಕೆರೆಯ ದಂಡೆಗೆ ಬರುತ್ತಿದ್ದರು. ನಾನೂ ಹೋಗಿ ಕೂಡುತ್ತಿದ್ದೆ. ಕೆಲವೊಮ್ಮೆ ಒಂದೇ ಸೂತ್ರದ ಮೇಲೆ ದೀಪ ಹತ್ತುವವರೆಗೂ ಮಾತು ನಡೆಯುತ್ತಿತ್ತು. ಕ್ರಮೇಣ ಅವರ ಬರವು ವಾರಕ್ಕೆರಡು ಸಲವಾಗಿ, ಬಳಿಕ ನಿಂತೇಹೋಯಿತು. ಕಾಯಿಲೆಯೇನೋ ಎಂದು ಗಾಬರಿಯಿಂದ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಆರಾಮವಾಗಿ ಓದುತ್ತಿದ್ದರು.

"ಮೈಲಿ ನಡೆಯಬಲ್ಲೆ, ಆ ಅರವತ್ತು ಅಡಿ ದಾಟಲಾರೆ" ಎಂದರು. ನಡುವಿನ ದೊಡ್ಡ ರಸ್ತೆಯ ಮಾತದು. ಬಳಿಕ ನಗುತ್ತಾ, "ಎರಡು ಸ್ವರ ಎದುರುಬದುರು ನಿಂತೂ ಸಂಧಿಯಾಗದಿದ್ದರೆ ಏನೆನ್ನುತ್ತೇವಯ್ಯ?" ಎಂದು ಕೇಳಿದರು.

"ಪ್ರಕೃತಿಭಾವ, ಗುರುಗಳೇ."

"ನಮ್ಮಿಬ್ಬರದೂ ಈಗ ಅದೇ ಆಯಿತು."

ನಾನೂ ನಕ್ಕೆ. ಮನೆಗೆ ಮರಳುವಾಗ ಮಾತ್ರ ನಗು ಬರಲಿಲ್ಲ. ವೈದ್ಯರು ಅವರಿಗೆ ನಡೆಯಬೇಡಿರೆಂದಿಲ್ಲ, ಮನೆಯವರು ತಡೆದಿಲ್ಲ. ಬಿಡುವಿಲ್ಲದೆ ಹರಿಯುವ ವಾಹನಗಳು ಆ ವಿದ್ವಾಂಸರನ್ನು ಅವರ ಓಣಿಯೊಳಗೆ ಕೂಡಿಹಾಕಿದ್ದವು. ಆಟೋ ಹತ್ತಿ ಬನ್ನಿರೆಂದರೆ, ಕೂಗಳತೆಯ ದೂರಕ್ಕೆ ಆಟೋ ಏಕೆಂದು ಕೇಳುತ್ತಾರೆ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಅಂದಿನಿಂದ ಭಾನುವಾರಗಳಲ್ಲಿ ಬೆಳಗಿನ ಆರಕ್ಕೇ ನಾನು ಅವರ ಮನೆಗೆ ಹೋಗುತ್ತೇನೆ. ರಸ್ತೆ ಬರಿದಾಗಿರುವ ಆ ಹೊತ್ತಿನಲ್ಲಿ ಇಬ್ಬರೂ ದಾಟಿ ಕೆರೆಯ ಬಳಿ ಕುಳಿತು, ವಾಹನ ಹೆಚ್ಚುವ ಮೊದಲೇ ಹಿಂದಿರುಗುವುದು ರೂಢಿ. ಕಳೆದ ಭಾನುವಾರ ಮಾತು ಬೆಳೆದು ಎಂಟೂವರೆಯಾಯಿತು. ರಸ್ತೆಯ ಅಂಚಿನಲ್ಲಿ ಬಹಳ ಹೊತ್ತು ನಿಂತೆವು. ಎರಡು ಸಲ ಕೆಳಗಿಳಿದು ಎರಡು ಸಲವೂ ಹಿಂದೆ ಸರಿದೆವು. ಕೊನೆಗೆ ಒಬ್ಬ ಆಟೋ ಚಾಲಕ ತನ್ನ ಗಾಡಿಯನ್ನು ಅಡ್ಡ ನಿಲ್ಲಿಸಿ, ಹಿಂದಿನವರ ಹಾರನ್ನಿಗೆ ಕಿವಿಗೊಡದೆ, "ಬನ್ನಿ ತಾತ" ಎಂದು ಕೈಮಾಡಿದ. ಗುರುಗಳು ನಡುರಸ್ತೆಯಲ್ಲಿ ನಿಂತು ಅವನಿಗೆ ಕೈಯೆತ್ತಿ ಹರಸಿದರು. ಮುರಿದು ಕೂಡಿದ ನನ್ನ ಮಣಿಕಟ್ಟನ್ನು ಮಾತ್ರ ತಮ್ಮ ಮನೆಯ ಬಾಗಿಲವರೆಗೂ ಬಿಡಲಿಲ್ಲ.