ಆಸರಿಗೆ ಏನು ಕೊಡಲಿ?

ಮಲೆನಾಡಿನ ಮನೆಯ ಜಗುಲಿಯನ್ನೇರಿದವರಿಗೆ ಮೊದಲು ಕಾಲಿಗೆ ನೀರು, ಬಳಿಕ ಬಾಯಿಗೆ ಬೆಲ್ಲ-ನೀರು, ಅದರ ಹಿಂದೆಯೇ ‘ಆಸರಿಗೆ ಏನು ಕೊಡಲಿ?’ ಎಂಬ ಪ್ರಶ್ನೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮನೆಗಳಲ್ಲಿ ಈ ಪದ್ಧತಿ ಇಂದಿಗೂ ಉಳಿದಿರುವುದು ಸಂತೋಷದ ಸಂಗತಿ. ಹಿಂದೆ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಬೇಸಗೆಯಾದರೆ ಮಜ್ಜಿಗೆಯೋ ಮುರುಗಲು ಪಾನಕವೋ, ಮಳೆಗಾಲವಾದರೆ ಕಷಾಯ. ಈಗ ಅದೇ ಮನೆಯ ತಾಯಂದಿರು ಕಷಾಯ, ಚಹಾ, ಕಾಫಿ, ಶುಂಠಿ ಚಹಾ, ಗ್ರೀನ್ ಟೀ ಎಂದು ಐದಾರು ಹೆಸರುಗಳನ್ನು ಹೇಳುತ್ತಾರೆ. ಕೇಳಿಸಿಕೊಂಡವರು ಯೋಚಿಸದೆ ‘ಯಾವುದಾದರೂ ಆದೀತು’ ಎಂದುಬಿಡುತ್ತಾರೆ.

ಯಾವುದಾದರೂ ಆಗುವ ವಿಷಯ ಇದಲ್ಲವೆಂಬುದು ನಮ್ಮ ಅಭಿಪ್ರಾಯ. ಹಬ್ಬದ ಹೋಳಿಗೆ ವರ್ಷಕ್ಕೆ ನಾಲ್ಕು ಸಲ ಬರುವಂಥದ್ದು. ದಿನಕ್ಕೆ ಮೂರು ಬಾರಿ ಕುಡಿಯುವ ಪಾನೀಯವು ವರ್ಷಕ್ಕೆ ಸಾವಿರ ಸಲ ದೇಹದೊಳಕ್ಕೆ ಹೋಗುತ್ತದೆ. ಆದುದರಿಂದ ಅದನ್ನು ಅರಿತು ಆರಿಸಿಕೊಳ್ಳುವುದೂ, ಆರಿಸಿಕೊಂಡದ್ದನ್ನು ಸವಿದು ಕುಡಿಯುವುದೂ ಗೃಹಸ್ಥರಿಗೆ ತಕ್ಕ ನಡೆ.

ನಾವು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿದ್ದಾಗ ಬೆಳಗಿನ ಪೂಜೆ ಮುಗಿದೊಡನೆ ವಿದ್ಯಾರ್ಥಿಗಳಿಗೆಲ್ಲ ದೊರೆಯುತ್ತಿದ್ದುದು ಕಷಾಯ. ಕೊತ್ತಂಬರಿ ಬೀಜ ಎರಡು ಪಾಲು, ಜೀರಿಗೆ ಒಂದು ಪಾಲು, ಅದಕ್ಕೆ ಹಿಡಿತವರಿತು ಮೆಂತ್ಯ, ಕಾಳುಮೆಣಸು, ಒಣಶುಂಠಿ, ಎರಡು ಏಲಕ್ಕಿ. ಇವನ್ನು ಬೇರೆ ಬೇರೆಯಾಗಿ ಹದವಾಗಿ ಹುರಿದು, ಒರಳಿನಲ್ಲಿ ಕುಟ್ಟಿ ಇಟ್ಟಿರುತ್ತಿದ್ದರು. ಕುದಿಯುವ ನೀರಿಗೆ ಪುಡಿಯನ್ನೂ ಜೋನಿ ಬೆಲ್ಲವನ್ನೂ ಹಾಕಿ, ನೀರು ಮುಕ್ಕಾಲು ಪಾಲಿಗೆ ಇಳಿದ ಮೇಲೆ ಒಲೆಯಿಂದ ಇಳಿಸಿ, ಕಡೆಯಲ್ಲಿ ಹಾಲು ಬೆರೆಸುವುದು ಕ್ರಮ. ಬೆಲ್ಲದೊಡನೆ ಹಾಲನ್ನು ಕುದಿಸಿದರೆ ಒಡೆಯುವುದುಂಟು. ಹಾಲನ್ನು ಕಡೆಗೆ ಹಾಕಬೇಕೆಂಬುದಕ್ಕೆ ಇದೇ ಕಾರಣ. ಹೊರಗೆ ಜಡಿಮಳೆ, ಒಳಗೆ ಕೈಯಲ್ಲಿ ಬಿಸಿ ಲೋಟ, ಎದುರಿಗೆ ಅಮರಕೋಶ. ಇದು ನಮ್ಮ ಆಷಾಢದ ಬೆಳಗು. ಚಹಾ ಎಂಬುದು ಮಠಕ್ಕೆ ಬರುವ ಅಧಿಕಾರಿಗಳಿಗೆ ಮಾತ್ರ ತಯಾರಾಗುತ್ತಿದ್ದ ವಿಶೇಷ ಪಾನೀಯವಾಗಿತ್ತು.

ಕಷಾಯದಲ್ಲಿರುವ ಆ ಕಾಳುಮೆಣಸಿಗೆ ಒಂದು ಇತಿಹಾಸವೇ ಉಂಟು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ 1623ರಲ್ಲಿ ಇಕ್ಕೇರಿಗೆ ಬಂದಾಗ ಕೆಳದಿಯ ವೆಂಕಟಪ್ಪ ನಾಯಕನು ಆಳುತ್ತಿದ್ದನು. ಆ ಪ್ರವಾಸಿಯು ಬಂದದ್ದು ಪೋರ್ಚುಗೀಸರ ರಾಯಭಾರದೊಡನೆ. ಪೋರ್ಚುಗೀಸರಿಗೆ ಬೇಕಾಗಿದ್ದುದು ಈ ಸೀಮೆಯ ಮೆಣಸು. ಯಾವ ವಸ್ತುವಿಗಾಗಿ ಸಮುದ್ರ ದಾಟಿ ಬಂದವರು ನಮ್ಮ ಅರಸರ ಬಾಗಿಲಲ್ಲಿ ಕಾದರೋ ಅದು ನಮ್ಮ ಹಿತ್ತಲಿನ ಮರಕ್ಕೆ ಹಬ್ಬಿಕೊಂಡಿದೆ. ನಾವಾದರೋ ಅದನ್ನು ಮರೆತು ದೂರದ ಪೊಟ್ಟಣಗಳನ್ನು ಅರಸುತ್ತೇವೆ.

ಹೀಗೆಂದ ಮಾತ್ರಕ್ಕೆ ಚಹಾವನ್ನು ಪರದೇಶಿಯೆಂದು ದೂರುವುದು ನಮ್ಮ ಉದ್ದೇಶವಲ್ಲ. ಅದಕ್ಕೂ ನಮ್ಮ ದೇಶದಲ್ಲಿ ಬೇರುಂಟು. ಅಸ್ಸಾಮಿನ ಸಿಂಗ್ಫೋ ಜನರು ಚಹಾ ಎಲೆಯನ್ನು ಬಳಸುತ್ತಿದ್ದುದು 1823ರಲ್ಲಿ ರಾಬರ್ಟ್ ಬ್ರೂಸ್ ಎಂಬವನ ಗಮನಕ್ಕೆ ಬಂದಿತು. 1839ರಲ್ಲಿ ಅಸ್ಸಾಮಿನ ಚಹಾ ಲಂಡನ್ನಿನಲ್ಲಿ ಹರಾಜಾಯಿತು. ದಕ್ಷಿಣದ ನೀಲಗಿರಿಯಲ್ಲಿಯೂ 1830ರ ದಶಕದಲ್ಲೇ ಇದನ್ನು ಬೆಳೆಯುವ ಪ್ರಯೋಗ ನಡೆದಿತ್ತು. ನಮ್ಮ ನೆರೆಯ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನಲ್ಲಿ ಚಹಾ ತೋಟವಿರುವುದನ್ನು ಕೊಟ್ಟಿಗೆಹಾರದ ದಾರಿಯಲ್ಲಿ ಹೋದವರು ಬಲ್ಲರು. ನಮ್ಮ ಸೀಮೆಯ ಹಿರಿಯರು ಹೇಳುತ್ತಿದ್ದಂತೆ, ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ನಡೆದ ಕಾಲದಲ್ಲಿ ರಸ್ತೆಯ ಬದಿಗಳಲ್ಲಿ ಚಹಾದಂಗಡಿಗಳು ಹೆಚ್ಚಿದವು. 1964ರಲ್ಲಿ ಅಣೆಕಟ್ಟು ಮುಗಿದು ಕೆಲಸದವರು ಹೊರಟುಹೋದರು. ಚಹಾ ಮಾತ್ರ ಉಳಿದು ಅಂಗಡಿಯಿಂದ ಅಡುಗೆಮನೆಗೆ ನಡೆದು ಬಂದಿತು.

ಚಹಾದ ವಿಧಗಳ ವಿಷಯದಲ್ಲಿ ಅನೇಕರಿಗೆ ಒಂದು ಭ್ರಮೆಯಿದೆ. ಕಪ್ಪು ಚಹಾಕ್ಕೆ ಒಂದು ಗಿಡ, ಹಸಿರು ಚಹಾಕ್ಕೆ ಬೇರೊಂದು ಗಿಡ ಎಂದು ತಿಳಿದಿರುತ್ತಾರೆ. ವಾಸ್ತವದಲ್ಲಿ ಎಲ್ಲವೂ ಒಂದೇ ಗಿಡದ ಚಿಗುರು, ಭೇದವಿರುವುದು ಸಂಸ್ಕಾರದಲ್ಲಿ. ಕೊಯ್ದ ಚಿಗುರನ್ನು ಬಾಡಿಸಿ, ಹೊಸೆದು, ಗಾಳಿಗೆ ಬಿಟ್ಟರೆ ಕೊಯ್ದಿಟ್ಟ ಬಾಳೆಕಾಯಿಯ ತಿರುಳಿನಂತೆ ಬಣ್ಣ ಕಪ್ಪಿಗೆ ತಿರುಗುತ್ತದೆ. ಅದನ್ನು ಒಣಗಿಸಿದರೆ ಕಪ್ಪು ಚಹಾ. ಕೊಯ್ದ ಸ್ವಲ್ಪ ಹೊತ್ತಿನಲ್ಲೇ ಹಬೆ ಅಥವಾ ಬಿಸಿ ತೋರಿಸಿ ಆ ಬದಲಾವಣೆಯನ್ನು ತಡೆದರೆ ಹಸಿರು ಚಹಾ. ಅರ್ಧದಲ್ಲಿ ನಿಲ್ಲಿಸಿದರೆ ಊಲಾಂಗ್. ಎಳೆಯ ಮೊಗ್ಗನ್ನು ಹೆಚ್ಚು ಮುಟ್ಟದೆ ಒಣಗಿಸಿದರೆ ಬಿಳಿ ಚಹಾ. ಮನುಷ್ಯರ ವಿಷಯದಲ್ಲಿಯೂ ಹುಟ್ಟು ಒಂದೇ, ಸಂಸ್ಕಾರ ಹಲವು ಎಂಬುದನ್ನು ನಮ್ಮ ಓದುಗ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಅಂಗಡಿಗಳಲ್ಲಿ ದೊರೆಯುವ ಕಾಳು ಕಾಳಾದ ಚಹಾವು ಸಿ.ಟಿ.ಸಿ. ಎಂಬ ಯಂತ್ರಪದ್ಧತಿಯಿಂದ ಆದುದು. ಎಲೆಯನ್ನು ಹಲ್ಲುಗಳುಳ್ಳ ಉರುಳೆಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡುವ ಈ ಕ್ರಮ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಂದಿತು. ಬೇಗ ಬಣ್ಣ ಬಿಡುತ್ತದೆ, ಹಾಲನ್ನು ತಡೆದುಕೊಳ್ಳುತ್ತದೆ. ಇನ್ನೂ ನುಣ್ಣನೆಯ ಡಸ್ಟ್ ಚಹಾ ಕ್ಷಣದಲ್ಲಿ ಕಡುವಾಗುವುದರಿಂದ ಹೋಟೆಲಿನವರಿಗೆ ಪ್ರಿಯ. ಹಾಲು ಹಾಕಿ ಕುಡಿಯುವವರು ಈ ಜಾತಿಯನ್ನೇ ಕೊಳ್ಳಬೇಕು, ಬೆಲೆಯೂ ಹಗುರ. ಹಾಲಿಲ್ಲದೆ ಕುಡಿಯುವವರಿಗೆ ಇಡೀ ಎಲೆಯನ್ನು ಹೊಸೆದು ಮಾಡಿದ ಚಹಾ ಯೋಗ್ಯ. ಡಾರ್ಜಿಲಿಂಗ್ ಮತ್ತು ನೀಲಗಿರಿಯ ಎಲೆ ಚಹಾಗಳು ಈ ಬಗೆಯವು. ಇವುಗಳ ಗುಣವಿರುವುದು ಪರಿಮಳದಲ್ಲಿ. ಶಿಷ್ಯರೊಬ್ಬರು ಉತ್ತರದ ಯಾತ್ರೆಯಿಂದ ಡಾರ್ಜಿಲಿಂಗಿನ ಒಂದು ಪೊಟ್ಟಣವನ್ನು ತಂದು ಕೊಟ್ಟಿದ್ದರು. ಅದನ್ನು ಮನೆಯೊಂದರಲ್ಲಿ ಎಮ್ಮೆ ಹಾಲಿನೊಡನೆ ಹತ್ತು ನಿಮಿಷ ಕುದಿಸಿದರು. ಪರಿಮಳ ಹೊಗೆಗೂಡಿನ ಪಾಲಾಯಿತು. ಲೋಟದಲ್ಲಿ ಉಳಿದದ್ದು ಬಣ್ಣದ ಹಾಲು. ಅಂಥ ಎಲೆಗೆ ಕುದಿದ ನೀರನ್ನು ಸುರಿದು, ಮುಚ್ಚಿ, ಮೂರು ನಾಲ್ಕು ನಿಮಿಷ ಬಿಟ್ಟು ಸೋಸಿದರೆ ಸಾಕು. ಹಸಿರು ಚಹಾಕ್ಕೆ ಅಷ್ಟು ಬಿಸಿಯೂ ಸಲ್ಲದು. ನೀರನ್ನು ಕುದಿಸಿ ಇಳಿಸಿ, ಸ್ವಲ್ಪ ಆರಲು ಬಿಟ್ಟು, ಅನಂತರ ಎಲೆಯ ಮೇಲೆ ಸುರಿಯಬೇಕು. ಕುದಿಕುದಿ ನೀರು ಸುರಿದವರೇ ‘ಗ್ರೀನ್ ಟೀ ಬರೀ ಕಹಿ’ ಎಂದು ದೂರುವವರು.

ಕೊಳ್ಳುವಾಗಲೂ ಇಡುವಾಗಲೂ ಎಚ್ಚರ ಬೇಕು. ಹುಲಿಕಲ್ಲು, ಆಗುಂಬೆಯ ಮಳೆಯನ್ನು ಕಂಡ ನಮ್ಮ ನಾಡಿನಲ್ಲಿ ಚಹಾಪುಡಿ ತೇವವನ್ನೂ ಪಕ್ಕದ ವಸ್ತುಗಳ ವಾಸನೆಯನ್ನೂ ಬೇಗ ಹೀರುತ್ತದೆ. ಇಂಗಿನ ಡಬ್ಬಿಯ ಪಕ್ಕದಲ್ಲಿಟ್ಟರೆ ಚಹಾ ಸಾರಿನಂತಾಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸ್ವಲ್ಪ ಸ್ವಲ್ಪವೇ ತಂದಿಟ್ಟುಕೊಳ್ಳುವುದು ಲೇಸು. ಬಿಡಿ ಪುಡಿಯಲ್ಲಿ ಬಣ್ಣ ಬೆರೆಸಿರುವ ಅನುಮಾನವಿದ್ದರೆ ಒದ್ದೆ ಮಾಡಿದ ಬಿಳಿಯ ಸೋಸುಕಾಗದದ ಮೇಲೆ ಒಂದು ಚಿಟಿಕೆ ಉದುರಿಸಿ ನೋಡಬೇಕು. ಶುದ್ಧವಾದುದು ತಣ್ಣೀರಿಗೆ ಕೂಡಲೇ ಬಣ್ಣ ಬಿಡುವುದಿಲ್ಲ. ಕೃತಕ ಬಣ್ಣವಾದರೆ ತಕ್ಷಣ ಕಲೆ ಹರಡುತ್ತದೆ.

ಇಷ್ಟು ರುಚಿಯ ಮಾತಾಯಿತು. ರುಚಿಗಿಂತ ಮುಖ್ಯವಾದ ಮಾತೊಂದಿದೆ. ಅದನ್ನು ಹೇಳುವುದಕ್ಕಾಗಿಯೇ ಈ ಲೇಖನವನ್ನು ಬರೆಯಲು ಕುಳಿತೆವು.

ಕೆಲವು ವರ್ಷಗಳ ಹಿಂದೆ ಶ್ರಾವಣದ ಪ್ರವಚನಕ್ಕೆಂದು ಹೊಸನಗರ ತಾಲೂಕಿನ ಹಳ್ಳಿಯೊಂದರಲ್ಲಿ ಭಕ್ತರ ಮನೆಯಲ್ಲಿ ತಂಗಿದ್ದೆವು. ಆ ಮನೆಯ ಸೊಸೆ ಎರಡು ಮಕ್ಕಳ ತಾಯಿ, ಮೂವತ್ತರ ಒಳಗಿನ ವಯಸ್ಸು. ಮೆಟ್ಟಿಲು ಹತ್ತಿದರೆ ಏದುಸಿರು, ಮುಖದಲ್ಲಿ ರಕ್ತವಿಲ್ಲ. ಅತ್ತೆಯವರು ಕಳವಳದಿಂದ, ‘ಅಯ್ಯನವರೇ, ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಮೂರು ತಿಂಗಳಿಂದ ಬಿಡದೆ ತಗೊಳ್ತಾ ಇದ್ದಾಳೆ. ರಕ್ತ ಏರ್ತಾನೇ ಇಲ್ಲ. ದೃಷ್ಟಿ ಏನಾದ್ರೂ ಆಗಿರಬಹುದೇ?’ ಎಂದು ಕೇಳಿದರು. ನಾವು ಆ ತಾಯಿಯನ್ನು, ‘ಮಾತ್ರೆಯನ್ನು ಯಾವಾಗ ತೆಗೆದುಕೊಳ್ಳುತ್ತೀ ತಾಯಿ?’ ಎಂದು ಕೇಳಿದೆವು. ‘ಬೆಳಿಗ್ಗೆ ತಿಂಡಿ ಆದ ಮೇಲೆ ಚಾ ಜೊತೆಗೆ. ಆವಾಗ ಮಾತ್ರ ಐದು ನಿಮಿಷ ಕೂತ್ಕೊಳ್ಳೋಕೆ ಆಗೋದು’ ಎಂದಳು.

ಉತ್ತರ ಅಲ್ಲಿಯೇ ಇತ್ತು. ಚಹಾದಲ್ಲಿರುವ ಒಗರಿನ ಅಂಶವು ಕಾಳು, ಸೊಪ್ಪು, ಧಾನ್ಯಗಳಲ್ಲಿರುವ ಕಬ್ಬಿಣವನ್ನು ಹಿಡಿದುಕೊಂಡು ದೇಹಕ್ಕೆ ಸೇರದಂತೆ ಮಾಡುತ್ತದೆ. ಮಾತ್ರೆಯ ಕಬ್ಬಿಣಕ್ಕೂ ಅದೇ ಗತಿ. ಮಾಂಸಾಹಾರವಿಲ್ಲದ ನಮ್ಮ ಮನೆಗಳಲ್ಲಿ ಕಬ್ಬಿಣಕ್ಕೆ ಕಾಳು-ಸೊಪ್ಪುಗಳೇ ಆಧಾರವಾದುದರಿಂದ ಈ ನಷ್ಟ ನಮಗೆ ಇತರರಿಗಿಂತ ದೊಡ್ಡದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯೂ ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಊಟವಾದ ಒಂದು ಗಂಟೆಯವರೆಗೆ ಚಹಾ-ಕಾಫಿ ಬೇಡವೆಂದು ಹೇಳಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಈ ಕೊರತೆಗೆ ಕಾರಣಗಳು ಹಲವು. ಚಹಾ ಒಂದೇ ಅಲ್ಲ. ಆದರೂ ಕೈಯಲ್ಲಿರುವ ಔಷಧವನ್ನೇ ವ್ಯರ್ಥ ಮಾಡುವ ಅಭ್ಯಾಸವನ್ನು ತಪ್ಪಿಸಬಹುದಲ್ಲವೇ?

ಆ ದಿನ ನಾವು ‘ಚಹಾ ಬಿಡು’ ಎಂದು ಹೇಳಲಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಅವಳಿಗೆಂದು ಇದ್ದ ಬಿಡುವು ಆ ಐದು ನಿಮಿಷ ಮಾತ್ರ. ಚಹಾವನ್ನು ಕಿತ್ತುಕೊಂಡರೆ ಆ ವಿಶ್ರಾಂತಿಯನ್ನೂ ಕಿತ್ತುಕೊಂಡಂತೆ. ವೈದ್ಯರನ್ನೊಮ್ಮೆ ಕೇಳಿ ಮಾತ್ರೆಯನ್ನು ನಿಂಬೆಹಣ್ಣಿನ ಪಾನಕದೊಡನೆ ತೆಗೆದುಕೊಳ್ಳುವುದೆಂದೂ, ಚಹಾವನ್ನು ಹತ್ತೂವರೆ ಗಂಟೆಗೆ ಕುಡಿಯುವುದೆಂದೂ ಹೇಳಿದೆವು. ಅತ್ತೆಯವರು ಕೂಡಲೇ, ‘ಹತ್ತೂವರೆಗೆ ಚಾ ನಾನೇ ಮಾಡಿಕೊಡ್ತೀನಿ, ಅವಳು ಕೂತಿರಲಿ’ ಎಂದರು. ದೀಪಾವಳಿ ಕಳೆದ ಮೇಲೆ ಅದೇ ಊರಿನ ಲಗ್ನವೊಂದರಲ್ಲಿ ಆ ಸೊಸೆಯನ್ನು ಕಂಡೆವು. ರಕ್ತ ಏರುತ್ತಿದೆ ಎಂದು ಡಾಕ್ಟರು ಹೇಳಿದರಂತೆ. ಅತ್ತೆಯವರ ಹತ್ತೂವರೆಯ ಚಹಾ ಅಂದಿನವರೆಗೂ ಒಂದು ದಿನ ತಪ್ಪಿರಲಿಲ್ಲವಂತೆ. ಎರಡನೆಯ ಸುದ್ದಿಯನ್ನು ಕೇಳಿ ನಮಗಾದ ಸಂತೋಷ ಮೊದಲನೆಯದಕ್ಕಿಂತ ಕಡಿಮೆಯದಲ್ಲ.

ಇನ್ನು ಸಕ್ಕರೆಯ ವಿಷಯ. ಪ್ರವಚನಕ್ಕೆ ಹೋದ ಊರಿನಲ್ಲಿ ಆರು ಮನೆಗೆ ಕಾಲಿಟ್ಟರೆ ಆರು ಲೋಟ ಚಹಾ. ಲೋಟಕ್ಕೆ ಎರಡು ಚಮಚವೆಂದರೂ ಹನ್ನೆರಡು ಚಮಚ, ಎಂದರೆ ಸುಮಾರು 60 ಗ್ರಾಂ ಸಕ್ಕರೆ. ಇದು ಊಟಕ್ಕೆ ಮೊದಲೇ ಸೇರಿದ ಲೆಕ್ಕ. ಕಷಾಯದ ಅಭಿಮಾನಿಗಳು ‘ನಾವು ಬೆಲ್ಲ ಹಾಕುತ್ತೇವೆ’ ಎಂದು ಸಮಾಧಾನ ಪಡುವಂತಿಲ್ಲ. ಮಧುಮೇಹವಿರುವವರಿಗೆ ಜೋನಿ ಬೆಲ್ಲವೂ ಸಕ್ಕರೆಯ ಅಣ್ಣನೇ. ಬೆಲ್ಲ ಹಾಕದೆ ಬರೀ ಕೊತ್ತಂಬರಿ-ಜೀರಿಗೆಯ ಕಷಾಯವನ್ನು ಹಾಲಿನೊಡನೆ ಕುಡಿದು ನೋಡಬೇಕು. ಎಂಟು ದಿನಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಮಜ್ಜಿಗೆಹುಲ್ಲು, ತುಳಸಿ, ಹಸಿಶುಂಠಿ ಇವುಗಳ ಕುದಿನೀರಿಗೆ ತಮ್ಮದೇ ಆದ ಪರಿಮಳವಿರುವುದರಿಂದ ಸಿಹಿಯ ಹಂಗಿಲ್ಲ. ಇವುಗಳಲ್ಲಿ ಚಹಾ ಎಲೆಯ ಉತ್ತೇಜಕ ಅಂಶವಿಲ್ಲದ ಕಾರಣ ರಾತ್ರಿ ಕುಡಿದರೂ ನಿದ್ರೆ ಕೆಡದು. ಶಿವರಾತ್ರಿಯ ಜಾಗರಣೆಯಲ್ಲಿ ಬರಿಹೊಟ್ಟೆಗೆ ಗಂಟೆಗೊಂದು ಲೋಟ ಚಹಾ ಕುಡಿದು ಬೆಳಗಾಗುವಷ್ಟರಲ್ಲಿ ಎದೆಯುರಿ ತಂದುಕೊಳ್ಳುವವರನ್ನು ನಾವು ಪ್ರತಿ ವರ್ಷ ನೋಡುತ್ತೇವೆ. ಅವರು ನಡುವೆ ಎರಡು ಸಲ ಕಷಾಯ ಕುಡಿದರೆ ಭಜನೆಗೆ ಕಂಠವೂ ಒದಗೀತು.

ಅತಿಥಿಯ ವಿಷಯದಲ್ಲಿ ಎರಡು ಮಾತು. ದಾಸೋಹವೆಂದರೆ ಬಂದವರಿಗೆ ಒತ್ತಾಯದಿಂದ ಕುಡಿಸುವುದಲ್ಲ, ಅವರಿಗೆ ಒಗ್ಗುವುದನ್ನು ಅರಿತು ನೀಡುವುದು. ‘ಸಕ್ಕರೆ ಬೇಡ’ ಎಂದವರಿಗೆ ‘ಸ್ವಲ್ಪವೇ ಹಾಕಿದ್ದೇನೆ’ ಎಂದು ಕೊಡುವುದು ಪ್ರೀತಿಯೇ ಹೌದು, ಆದರೆ ಕಣ್ಣು ಮುಚ್ಚಿದ ಪ್ರೀತಿ. ಅತಿಥಿಗಳೂ ಸಂಕೋಚವನ್ನು ಬಿಟ್ಟು ತಮಗೆ ಏನು ಹಿತವೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ‘ಯಾವುದಾದರೂ ಆದೀತು’ ಎಂಬ ಉತ್ತರ ವಿನಯದಂತೆ ಕಾಣುತ್ತದೆ. ಒಲೆಯ ಮುಂದೆ ನಿಂತವರಿಗೆ ಅದರಿಂದ ಉಪಕಾರವಿಲ್ಲ.

ನಮ್ಮ ದಿನಚರಿಯನ್ನು ಕೇಳುವವರಿಗೆ ಹೇಳುವುದಾದರೆ, ಪೂಜೆಯ ತರುವಾಯ ಬೆಲ್ಲವಿಲ್ಲದ ಕಷಾಯ. ಹನ್ನೊಂದು ಗಂಟೆಗೆ, ಓದು-ಬರಹದ ನಡುವೆ, ಹಾಲೂ ಸಕ್ಕರೆಯೂ ಇಲ್ಲದ ನೀಲಗಿರಿಯ ಎಲೆ ಚಹಾ ಒಂದು ಬಟ್ಟಲು. ಸಂಜೆ ನಾಲ್ಕಕ್ಕೆ ಯಾರಾದರೂ ಬಂದರೆ ಅವರೊಡನೆ ಹಾಲು ಹಾಕಿದ ಶುಂಠಿ ಚಹಾ ಅರ್ಧ ಲೋಟ, ಬಾರದಿದ್ದರೆ ಮಜ್ಜಿಗೆಹುಲ್ಲಿನ ನೀರು. ಇದೇ ಎಲ್ಲರಿಗೂ ಆಗಬೇಕೆಂದಿಲ್ಲ. ಅವರವರ ದೇಹ, ಕೆಲಸ, ವಯಸ್ಸು ನೋಡಿ ಅವರವರು ಆರಿಸಿಕೊಳ್ಳತಕ್ಕದ್ದು.

ಓದುಗ ಬಂಧುಗಳು ಈ ವಾರ ಒಂದು ಕೆಲಸ ಮಾಡಬಹುದು. ಒಂದು ಪಾವು ಕೊತ್ತಂಬರಿ ಬೀಜ ತಂದು, ಮನೆಯ ಹಿರಿಯರಿಂದ ಅಳತೆ ಕೇಳಿಕೊಂಡು, ಮಕ್ಕಳನ್ನೂ ಕೂರಿಸಿಕೊಂಡು ಕಷಾಯದ ಪುಡಿ ಮಾಡಿ ಡಬ್ಬಿ ತುಂಬಿಸಿಡಿ. ಚಹಾದ ಡಬ್ಬಿ ಅದರ ಪಕ್ಕದಲ್ಲಿಯೇ ಇರಲಿ, ಮುಚ್ಚಳ ಮಾತ್ರ ಬಿಗಿಯಾಗಿರಲಿ. ಹಾಗೆಯೇ, ಮನೆಯವರಿಗೆಲ್ಲ ಲೋಟ ಹಂಚಿ ತಾನು ಮಾತ್ರ ನಿಂತೇ ಕುಡಿಯುವ ತಾಯಿಗೆ ದಿನಕ್ಕೊಮ್ಮೆಯಾದರೂ ಮನೆಯ ಉಳಿದವರು ಒಂದು ಲೋಟ ಮಾಡಿ ಕೊಡುವಂತಾಗಲಿ.