ಒಗೆಯದ ಬಟ್ಟೆಯ ಕೌದಿ

"ಕೌದಿಗೆ ಹೊಸ ಬಟ್ಟೆ ಹಾಕಬ್ಯಾಡ ಕಣವ್ವ" ಎಂದು ನಮ್ಮತ್ತೆ ಹೇಳಿದಾಗ ಅದನ್ನು ಬಡತನದ ಮಾತೆಂದುಕೊಂಡೆ. ಉಡುವುದಕ್ಕೇ ಎರಡನೇ ಸೀರೆ ಇಲ್ಲದ ಕಾಲ ಕಂಡವರು, ಹೊಸ ಬಟ್ಟೆಯನ್ನು ತುಂಡು ಮಾಡಿ ಹೊದಿಕೆ ಹೊಲಿಯುವುದಕ್ಕೆ ಜೀವ ಒಪ್ಪುತ್ತಿಲ್ಲ ಎಂದು ನನ್ನಷ್ಟಕ್ಕೆ ತೀರ್ಮಾನಿಸಿದೆ. ಆ ತೀರ್ಮಾನಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಮುಂಗಡ ಕೊಟ್ಟವರಿಗೆ ಹಣ ವಾಪಸು ಕೊಟ್ಟೆ, ಬಂದ ಗಿರಾಕಿಗಳನ್ನು ಕಳೆದುಕೊಂಡೆ, ನಡುವೆ ಒಂದು ಸುಳ್ಳನ್ನೂ ಹೇಳಿದೆ. ಮನೆಯಲ್ಲೇ ಮಿಷನ್ ಇಟ್ಟುಕೊಂಡು ಚಂದದ ಪ್ರಿಂಟು ಬಟ್ಟೆಗಳಲ್ಲಿ ಏನಾದರೂ ಹೊಲಿದು ನಾಲ್ಕು ಕಾಸು ನೋಡಬೇಕು ಎಂದುಕೊಂಡಿರುವ ಹೆಣ್ಣುಮಕ್ಕಳು ಈಗ ಊರೂರಲ್ಲೂ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ಬಂದದ್ದು ಚಿತ್ರದುರ್ಗ ಜಿಲ್ಲೆಯ ತುರುವನೂರಿಗೆ. ಹೊರಗಿನವರಿಗೆ ಈ ಊರು 1939ರ ಅರಣ್ಯ ಸತ್ಯಾಗ್ರಹದಿಂದ ಗೊತ್ತು. ಹೆಂಡದ ಈಚಲು ಮರಗಳನ್ನು ಕಡಿದ ಆ ಚಳವಳಿಯಲ್ಲಿ ಎಸ್. ನಿಜಲಿಂಗಪ್ಪನವರೂ ಇದ್ದರು. ಊರಿನವರಿಗೆ ಮಾತ್ರ ಎರೆ ಹೊಲ, ಈರುಳ್ಳಿ ರೇಟು, ಮಳೆ ಬಂದೀತೇ ಎಂಬ ಚಿಂತೆ. ಬಟ್ಟೆಯ ವಿಷಯಕ್ಕೆ ಬಂದರೆ ಜಿಲ್ಲೆಗೆ ಹೆಸರು ತಂದವು ಬೇರೆ: ಮೊಳಕಾಲ್ಮೂರಿನ ರೇಷ್ಮೆ ಸೀರೆ, ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ, 1997ರಲ್ಲಿ ಬೇರೆ ಜಿಲ್ಲೆಯಾಗುವವರೆಗೂ ನಮ್ಮದೇ ಆಗಿದ್ದ ದಾವಣಗೆರೆಯ ಹತ್ತಿ ಗಿರಣಿಗಳು. ಕೌದಿಗೆ ಅಂಥ ಹೆಸರಿಲ್ಲ. ಅದು ಅಂಗಡಿಯ ಸಾಮಾನಲ್ಲ; ಸುಗ್ಗಿ ಮುಗಿದ ಮೇಲೆ ಪಡಸಾಲೆಯಲ್ಲಿ ಹುಟ್ಟುವಂಥದ್ದು. ಮನೆಯವರಿಗೆ ಪುರಸೊತ್ತಿಲ್ಲದಿದ್ದರೆ ಕೂಲಿಗೆ ಹೊಲಿದುಕೊಡುವ ಹೆಂಗಸರು ಬೀದಿಯಲ್ಲಿ ಕೂಗುತ್ತ ಬರುತ್ತಿದ್ದರು. ಕೂಲಿ, ಮೇಲೊಂದಿಷ್ಟು ಜೋಳ, ಊಟ. ಅಲ್ಲಿಗೆ ಲೆಕ್ಕ ಚುಕ್ತಾ.

ಅವರು ಹೊಲಿಯುವ ಕ್ರಮ ಸರಳವಾಗಿ ಕಾಣುತ್ತದೆ. ಅಡಿಗೊಂದು ಗಟ್ಟಿ ಹಳೇ ಸೀರೆ, ನಡುವೆ ಹರಿದ ಪಂಚೆ, ಲಂಗ, ಅಂಗಿಗಳ ಪದರ, ಮೇಲೆ ಕಣ್ಣಿಗೆ ಒಪ್ಪುವ ತುಂಡುಗಳು. ಎಲ್ಲವನ್ನೂ ಕೈಯಲ್ಲಿ ಸವರಿ ಸುಕ್ಕು ಬಿಡಿಸಿ, ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಕೈಹೊಲಿಗೆ. ಸಾಲಿಗೂ ಸಾಲಿಗೂ ನಡುವೆ ಎರಡು ಬೆರಳಿನ ಜಾಗವೂ ಇರುವುದಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡು ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ, ಅವರ ಮಾತಿನ ಕವಂದಿಯೂ ಹೀಗೇ ಅಂಚಿನಿಂದ ಸುತ್ತಿಕೊಂಡು ನಡುವಿಗೆ ಬಂದು ಮುಗಿಯುತ್ತದೆ. ಅದರ ಮೂಲೆಗಳಲ್ಲಿ ಮಡಿಸಿದ ತುಂಡುಗಳಿಂದ ಹೂ ಕೂರಿಸದಿದ್ದರೆ ಕವಂದಿ ಪೂರ್ತಿಯಾಯಿತೆಂದು ಅವರು ಒಪ್ಪುವುದಿಲ್ಲ. ಆ ಕವಂದಿಗಳು 2011ರಲ್ಲಿ ನ್ಯೂಯಾರ್ಕಿನ ಪ್ರದರ್ಶನದ ಗೋಡೆಯನ್ನೂ ಕಂಡಿವೆ. ಅಲ್ಲಿಗೆ ಹೋದದ್ದೂ ಉಟ್ಟು, ತೊಟ್ಟು, ಒಗೆದು ಹಳತಾದ ಬಟ್ಟೆಯೇ. ಇದನ್ನು ನಾನು ಗಮನಿಸಿದ್ದು ಕೈ ಸುಟ್ಟುಕೊಂಡ ಮೇಲೆ.

ಹೊಲಿಗೆ ನನಗೆ ಹೊಸತಾಗಿರಲಿಲ್ಲ. ರವಿಕೆ, ಲಂಗ, ಸೀರೆಗೆ ಫಾಲು, ಶಾಲೆಯ ಯೂನಿಫಾರಂ ಇವುಗಳಿಂದ ಮಿಷನ್ನಿನ ಕಂತು ತೀರಿತ್ತು. ಆದರೆ ಮನಸ್ಸು ಪ್ರಿಂಟು ಬಟ್ಟೆಗಳ ಮೇಲಿತ್ತು. ದುರ್ಗಕ್ಕೋ ದಾವಣಗೆರೆಗೋ ಹೋದರೆ ಕಟ್ ಪೀಸ್ ಅಂಗಡಿಯಿಂದ ಕಾಲು ಕೀಳುತ್ತಿರಲಿಲ್ಲ. ಕಲಂಕಾರಿಯ ಬಳ್ಳಿ, ಬಗ್ರೂವಿನ ಬುಟ್ಟಾ, ಅಜ್ರಖ್‌ನ ನಕ್ಷತ್ರ ಎಂದು ಅಂಗಡಿಯವರು ಹೇಳಿದ ಹೆಸರನ್ನೆಲ್ಲ ನಂಬಿ ಅರ್ಧ ಅರ್ಧ ಮೀಟರು ಕೊಂಡು ತರುತ್ತಿದ್ದೆ. ಆ ಹೆಸರಲ್ಲಿ ಬರುವುದರಲ್ಲಿ ಎಷ್ಟೋ ಬಟ್ಟೆ ಮರದ ಅಚ್ಚಿನ ಮುಖವನ್ನೇ ಕಾಣದ ಸ್ಕ್ರೀನ್ ಪ್ರಿಂಟು ಎನ್ನುವುದು ಆಗ ತಿಳಿದಿರಲಿಲ್ಲ.

ಮೊದಲ ಏಟು ಬಿದ್ದದ್ದು ನವಿಲು ಪ್ರಿಂಟಿನ ಒಂದು ಕುರ್ತಾದಲ್ಲಿ. ಸಾದಾ ಬಟ್ಟೆಯಲ್ಲಿ ಮುಂಭಾಗವನ್ನು ಒಂದು ಕಡೆಗೂ ಹಿಂಭಾಗವನ್ನು ತಿರುವಿಯೂ ಇಟ್ಟು ಕತ್ತರಿಸಿದರೆ ಕಾಲು ಮೀಟರು ಉಳಿಯುತ್ತದೆ. ಯೂನಿಫಾರಂ ಹೊಲಿದ ಕೈ ಅದೇ ಲೆಕ್ಕ ಹಾಕಿತು. ಮುಂದೆ ನವಿಲುಗಳು ಸರಿಯಾಗಿ ನಿಂತವು. ಬೆನ್ನ ಮೇಲೆ ಒಂದೊಂದೂ ತಲೆಕೆಳಗಾಗಿ ನೇತಾಡಿದವು. ಹೊಲಿಸಿದವಳು ನಮ್ಮ ಓರಗಿತ್ತಿಯ ಮಗಳು. "ಚಿಕ್ಕಮ್ಮ, ನಾನು ಗ್ವಾಡೆಗೆ ಆನ್ಕಂಡೇ ಕೂರ್ಬೇಕು ಬಿಡು" ಎಂದು ನಕ್ಕಳು. ಮನೆಯವಳಾದ್ದರಿಂದ ನಗುವಿನಲ್ಲಿ ಮುಗಿಯಿತು. ಬಟ್ಟೆಗೆ ಮೇಲು ಕೆಳಗು ಇದೆ, ಪ್ರಿಂಟು ನೋಡಿ ಅಳತೆ ಹಾಕಬೇಕು, ಅದಕ್ಕೆ ಬಟ್ಟೆ ಹೆಚ್ಚು ಬೇಕು ಎಂದು ಕಲಿತೆ. ಆದರೆ ಪ್ರಿಂಟು ಎಂದರೆ ಚಿತ್ರ, ಚಿತ್ರ ಸರಿಯಾಗಿ ಕೂತರೆ ಕೆಲಸ ಮುಗಿಯಿತು ಎಂಬ ನಂಬಿಕೆ ಮಾತ್ರ ಇನ್ನೂ ಗಟ್ಟಿಯಾಯಿತು.

ಆಮೇಲೆ ಕೌದಿಗೆ ಇಳಿದೆ. ತಂಗಿಯ ಬಾಣಂತನಕ್ಕೆಂದು ಪ್ರಿಂಟು ತುಂಡುಗಳನ್ನು ಚೌಕ ಚೌಕವಾಗಿ ಕತ್ತರಿಸಿ ಕೂಡಿಸಿ, ನಡುವೆ ಅರಳೆ ತುಂಬಿ ಒಂದು ಪುಟ್ಟ ಹೊದಿಕೆ ಹೊಲಿದೆ. ಅದರ ಫೋಟೊ ಬೆಂಗಳೂರಿನಲ್ಲಿದ್ದ ಅವಳ ಗೆಳತಿಯರ ಗುಂಪಿನಲ್ಲಿ ಓಡಾಡಿತು. ಆರ್ಡರುಗಳು ಬಂದವು, ಮುಂಗಡವೂ ಬಂತು. ಕೌದಿಗೆ ಹೊಸ ಬಟ್ಟೆ ಬೇಡವೆಂಬ ಮಾತನ್ನು ಅತ್ತೆ ಹೇಳಿದ್ದು ಆಗಲೇ. ಅವರು ತಮ್ಮ ಪೆಟ್ಟಿಗೆಯಲ್ಲಿದ್ದ ಹಳೇ ಸೀರೆಗಳನ್ನು ತೆಗೆದು ಮುಂದಿಟ್ಟರು. ಗಿರಾಕಿಗಳಿಗೆ ಯಾರದೋ ಉಟ್ಟ ಸೀರೆ ಕೊಡುವುದೇ ಎಂದು ನಾನು ಮತ್ತೆ ಪೆಟ್ಟಿಗೆಗೇ ಇಟ್ಟೆ.

ನಾನು ಹೊಲಿದದ್ದರಲ್ಲಿ ಏನೇನಿತ್ತೆಂದು ಹೇಳಿಬಿಡುತ್ತೇನೆ. ಮೇಲ್ಭಾಗಕ್ಕೆ ಹತ್ತಿಯ ಕಲಂಕಾರಿ ತುಂಡುಗಳು, ಮಿನುಗಲಿ ಎಂದು ನಡುನಡುವೆ ರೇಯಾನ್, ಕೆಲವೆಡೆ ಪಾಲಿಸ್ಟರ್ ಮಿಶ್ರದ ಪ್ರಿಂಟು. ಕಡುಗೆಂಪಿನ ಪಕ್ಕಕ್ಕೆ ಎದ್ದು ಕಾಣಲೆಂದು ಕೆನೆಬಿಳಿ. ಅಡಿಗೆ ಹೊಸ ಕೋರಾ ಬಟ್ಟೆ. ನಡುವೆ ಅರಳೆ, ಅದರ ಮೇಲೆ ಅಲ್ಲೊಂದು ಇಲ್ಲೊಂದು ಮಿಷನ್ ಹೊಲಿಗೆ. ಹೆಚ್ಚು ಹೊಲಿದರೆ ಪ್ರಿಂಟಿನ ಅಂದ ಕೆಡುತ್ತದೆ ಎಂದು. ಇಸ್ತ್ರಿ ಹಾಕಿ ಮಡಿಸಿದಾಗ ಅಂಗಡಿಯ ಗಾಜಿನ ಹಿಂದಿಡುವಂತಿತ್ತು. ಒಂದು ತುಂಡನ್ನಾದರೂ ನೀರಿಗೆ ಹಾಕಿ ನೋಡಿರಲಿಲ್ಲ. ಒಗೆದರೆ ಗಂಜಿ ಹೋಗಿ ಹೊಸ ಬಟ್ಟೆಯ ಗರಿಗರಿ ಹೋಗುತ್ತದಲ್ಲ, ಕತ್ತರಿಸುವುದಕ್ಕೆ ಕಷ್ಟ!

ಮೊದಲ ಒಗೆತಕ್ಕೇ ಬೆಂಗಳೂರಿನ ಗಿರಾಕಿಯೊಬ್ಬಳಿಂದ ಫೋಟೊ ಬಂತು. ಕಡುಗೆಂಪು ಹರಿದು ಕೆನೆಬಿಳಿಯೆಲ್ಲ ಎಲೆಯಡಿಕೆ ಉಗುಳಿದ ಗೋಡೆಯಂತಾಗಿತ್ತು. ಹತ್ತಿ ಒಂದಷ್ಟು ಕುಗ್ಗಿತ್ತು, ರೇಯಾನ್ ಅದಕ್ಕಿಂತ ಹೆಚ್ಚು ಕುಗ್ಗಿತ್ತು, ಪಾಲಿಸ್ಟರ್ ಕುಗ್ಗದೆ ಉಬ್ಬಿ ನಿಂತಿತ್ತು. ಒಳಗಿನ ಅರಳೆ ಒಂದು ಮೂಲೆಗೆ ಸರಿದು ಗಂಟಾಗಿತ್ತು. ಕೆಳಗೊಂದು ಸಾಲು: "ಅಕ್ಕ, ಹೀಗೇಕಾಯ್ತು?"

ನಾನು ಬರೆದ ಉತ್ತರ: "ಇದನ್ನು ಮನೇಲಿ ಒಗೀಬಾರದಿತ್ತು ಕಣಮ್ಮ, ಡ್ರೈಕ್ಲೀನ್‌ಗೆ ಕೊಡಬೇಕಿತ್ತು." ಹಸುಗೂಸಿನ ಹೊದಿಕೆ ಅದು. ದಿನಕ್ಕೆರಡು ಸಲ ಒದ್ದೆಯಾಗುವ ಬಟ್ಟೆಯನ್ನು ಡ್ರೈಕ್ಲೀನ್‌ಗೆ ಕೊಡಿ ಎಂದು ಬರೆಯುವಾಗ ನನಗೆ ನಾಚಿಕೆಯಾಗಲಿಲ್ಲ. ಮಾರುವಾಗ ಆ ಮಾತು ಎಲ್ಲೂ ಹೇಳಿರಲಿಲ್ಲ. ಆಮೇಲೆ ಬಟ್ಟೆ ಅಂಗಡಿಯವರನ್ನು ಬೈದೆ, ಸೋಪಿನ ಪುಡಿಯನ್ನು ಬೈದೆ, ಬೆಂಗಳೂರಿನ ವಾಷಿಂಗ್ ಮಿಷನ್ನನ್ನು ಬೈದೆ. ಇನ್ನೂ ಕಳಿಸದೆ ಮನೆಯಲ್ಲಿದ್ದ ಕೌದಿಯನ್ನು ಅತ್ತೆ ಒಂದು ಮಾತೂ ಆಡದೆ ಬಕೆಟ್ಟಿಗೆ ಹಾಕಿದರು. ಪಕ್ಕದ ಬಕೆಟ್ಟಿನಲ್ಲಿ ತಮ್ಮ ಹಳೇ ಕೌದಿ. ಸ್ವಲ್ಪ ಹೊತ್ತಿಗೆ ನನ್ನ ಬಕೆಟ್ಟಿನ ನೀರು ಕುಂಕುಮದ ನೀರಾಯಿತು. ಅವರದರಲ್ಲಿ ಮಣ್ಣಿನ ಬಣ್ಣ ಬಿಟ್ಟರೆ ಬೇರೇನಿಲ್ಲ. "ಬಿಡೋದು ಆವಾಗ್ಲೇ ಬಿಟ್ಟೈತೆ, ಕುಗ್ಗೋದು ಆವಾಗ್ಲೇ ಕುಗ್ಗೈತೆ. ಅದ್ಕೇ ಹಳೇದು ಹಾಕೋದು" ಎಂದರು.

ಹಳೇ ಬಟ್ಟೆ ಹಾಕುವುದರಲ್ಲಿ ಬಡತನವೂ ಇತ್ತು, ಸುಳ್ಳಲ್ಲ. ಅದರ ಜೊತೆಗೆ ಪರೀಕ್ಷೆ ಪಾಸಾದ ಬಟ್ಟೆಯನ್ನು ಮಾತ್ರ ಹೊದಿಕೆಗೆ ಸೇರಿಸುವ ಲೆಕ್ಕಾಚಾರವೂ ಇತ್ತು. ಮಗ್ಗದಲ್ಲಿ ಹಾಸಿನ ಎಳೆಗಳನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಬಣ್ಣ ಹಾಕುವಾಗ, ಇಸ್ತ್ರಿ ಮಾಡುವಾಗ ಬಟ್ಟೆ ಮತ್ತೆ ಎಳೆತಕ್ಕೆ ಸಿಗುತ್ತದೆ. ನೀರು ತಾಗಿದ ಕೂಡಲೇ ಆ ಬಿಗಿ ಬಿಟ್ಟು ಎಳೆ ತನ್ನ ಉದ್ದಕ್ಕೆ ಹಿಂತಿರುಗುತ್ತದೆ. ಅದಕ್ಕೇ ಹತ್ತಿ ಬಟ್ಟೆ ಹೆಚ್ಚು ಕುಗ್ಗುವುದು ಉದ್ದದಲ್ಲಿ, ಪನ್ನಾದಲ್ಲಿ ಕಡಿಮೆ. ನೂರಕ್ಕೆ 3ರಿಂದ 5ರಷ್ಟು ಕುಗ್ಗಿದರೂ 7 ಅಡಿ ಉದ್ದದ ಕೌದಿಯಲ್ಲಿ 3–4 ಇಂಚು ಹೋಯಿತು. ಎಲ್ಲ ತುಂಡೂ ಒಂದೇ ಸಮ ಕುಗ್ಗಿದರೆ ಕೌದಿ ಚಿಕ್ಕದಾಗುತ್ತದೆ ಅಷ್ಟೆ. ಒಂದೊಂದು ಒಂದೊಂದು ರೀತಿ ಕುಗ್ಗಿದರೆ ಹೊಲಿಗೆಯೇ ಅವುಗಳ ಜಗಳದ ಜಾಗವಾಗುತ್ತದೆ. ಎರಡು ಬೆರಳಿಗೊಂದು ಸಾಲು ಏಕೆ ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ: ಒಳಗಿನ ಪದರ ಅಲ್ಲಾಡದಂತೆ ಹಿಡಿಯುವುದೇ ಆ ಸಾಲುಗಳು. ನಾನು ಅಂದಕ್ಕೆಂದು ಬಿಟ್ಟ ಜಾಗದಲ್ಲೇ ಅರಳೆ ಓಡಾಡಿತ್ತು.

ಬಣ್ಣದ ವಿಷಯದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇತ್ತು. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನೆನೆಸಿದೆ. ನಿಲ್ಲಲಿಲ್ಲ. ಉಪ್ಪಿನ ಕೆಲಸ ಬಣ್ಣದ ತೊಟ್ಟಿಯಲ್ಲಿ, ಬಣ್ಣವನ್ನು ಎಳೆಯೊಳಕ್ಕೆ ನೂಕುವುದಕ್ಕೆ. ಬಣ್ಣ ಹಾಕಿ ಮುಗಿದ ಮೇಲೆ ಎಳೆಗೆ ಅಂಟದೆ ಸುಮ್ಮನೆ ಕೂತಿರುವ ಬಣ್ಣವನ್ನು ಉಪ್ಪಾಗಲಿ ವಿನಿಗರ್ ಆಗಲಿ ಹಿಡಿದು ಕಟ್ಟಲಾರವು. ಅದನ್ನು ಬಿಸಿನೀರಿನಲ್ಲಿ ತೊಳೆದು ಹೊರಗೆ ಹಾಕಬೇಕು. ನಿಜವಾದ ಕಲಂಕಾರಿಯಲ್ಲಿ ಬಣ್ಣ ಕಟ್ಟುವ ಕೆಲಸ ಮೊದಲೇ ನಡೆದಿರುತ್ತದೆ. ಬಟ್ಟೆಯನ್ನು ಅಳಲೆಕಾಯಿಯ ರಸ ಮತ್ತು ಹಾಲಿನಲ್ಲಿ ಅದ್ದುತ್ತಾರೆ. ಕೆಂಪು ಹಿಡಿಯಲು ಪಟಿಕ, ಕಪ್ಪಿಗೆ ಬೆಲ್ಲದ ನೀರಿನಲ್ಲಿ ಕೊಳೆಸಿದ ಕಬ್ಬಿಣ. ನಡುನಡುವೆ ಹರಿಯುವ ನೀರಿನಲ್ಲಿ ಜಾಲಿಸುತ್ತಾರೆ. ನೀರೇ ಅಲ್ಲಿ ಪರೀಕ್ಷಕ.

ಕಲಂಕಾರಿಯಂಥ ನಮ್ಮ ಪ್ರಿಂಟು ಹತ್ತಿ ಬಟ್ಟೆ, ಅಂದರೆ ಚೀಟಿ ಬಟ್ಟೆ, 17ನೇ ಶತಮಾನದಲ್ಲಿ ಯುರೋಪನ್ನು ಮರುಳು ಮಾಡಿದ್ದಕ್ಕೆ ಹೂವು ಬಳ್ಳಿಗಳ ಅಂದ ಒಂದೇ ಕಾರಣವಲ್ಲ. ಒಗೆದರೂ ಬಣ್ಣ ಬಿಡದ ಹತ್ತಿ ಬಟ್ಟೆ ಅವರಲ್ಲಿ ಇರಲಿಲ್ಲ. ಅಲ್ಲಿನ ಉಣ್ಣೆ, ರೇಷ್ಮೆ ನೇಕಾರರು ಕಂಗಾಲಾಗಿ, ಫ್ರಾನ್ಸ್ 1686ರಲ್ಲಿ ಚೀಟಿ ಬಟ್ಟೆಗೆ ನಿಷೇಧ ಹಾಕಿತು. ಇಂಗ್ಲೆಂಡ್ 1700ರಲ್ಲಿ ಆಮದಿಗೆ ತಡೆಯೊಡ್ಡಿ, 1721ರ ಕಾಯ್ದೆಯಲ್ಲಿ ತೊಡುವುದನ್ನೂ ನಿಷೇಧಿಸಿತು. ಫ್ರಾನ್ಸಿನ ನಿಷೇಧ 1759ರವರೆಗೆ, ಇಂಗ್ಲೆಂಡಿನದು 1774ರವರೆಗೆ ನಡೆಯಿತು. ನೀರಿನಲ್ಲಿ ಗೆದ್ದು ಸಮುದ್ರ ದಾಟಿದ ಬಟ್ಟೆಯ ನಾಡಿನಲ್ಲಿ ಕೂತು ನಾನು ನೀರು ಮುಟ್ಟಿಸದ ಬಟ್ಟೆಯನ್ನು ಮಾರಿದ್ದೆ.

ಬೆಂಗಳೂರಿನ ಆ ತಾಯಿಗೆ ಮತ್ತೆ ಫೋನು ಮಾಡಿ, ತಪ್ಪು ಒಗೆತದ್ದಲ್ಲ, ಹೊಲಿಗೆಯದು ಎಂದು ಹೇಳಿ ಪೂರ್ತಿ ಹಣ ಕಳಿಸಿದೆ. ಉಳಿದವರಿಗೂ ಮುಂಗಡ ಹಿಂತಿರುಗಿಸಿದೆ. ಕೆಲವರು ಕಾಯುತ್ತೇವೆ ಎಂದರು, ಹೆಚ್ಚಿನವರು ಹೋದರು. ಹೋದವರ ಮೇಲೆ ದೂರಿಲ್ಲ.

ಈಗ ನಮ್ಮ ಮನೆಗೆ ಬರುವ ಯಾವ ಬಟ್ಟೆಯೂ ಬಚ್ಚಲು ದಾಟದೆ ಮಿಷನ್ನಿಗೆ ಬರುವುದಿಲ್ಲ. ತುದಿಯಿಂದ ಅಂಗೈಯಗಲ ತುಂಡು ಕತ್ತರಿಸಿ, ಒದ್ದೆ ಮಾಡಿ, ಬಿಳಿ ಬಟ್ಟೆಯ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತುತ್ತೇನೆ. ಬಿಳಿಗೆ ಬಣ್ಣ ಹತ್ತಿದರೆ ಆ ಬಟ್ಟೆ ಪ್ರತ್ಯೇಕ. ಉಳಿದದ್ದನ್ನು ಬಿಸಿನೀರಿನಲ್ಲಿ ನೆನೆಸಿ, ನೀರು ತಿಳಿಯಾಗುವವರೆಗೆ ಜಾಲಿಸಿ, ನೆರಳಿನಲ್ಲಿ ಒಣಗಿಸುತ್ತೇನೆ. ತಿಳಿಯಾಗದೇ ಹೋದರೆ ಅದು ಕೌದಿಗಿಲ್ಲ, ದಿಂಬಿನ ಹೊರಚೀಲಕ್ಕೂ ಇಲ್ಲ. ಹತ್ತಿಗೆ ಹತ್ತಿಯೇ ಜೊತೆ. ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುವುದರಿಂದ ಅದು ರವಿಕೆ, ಕುರ್ತಾಕ್ಕೆ ಸಾಕು. ಒಳಗಿನ ಪದರಕ್ಕೆ ಅರಳೆ ಬಿಟ್ಟು ಹಳೇ ಹತ್ತಿ ಸೀರೆಗೇ ಮರಳಿದ್ದೇನೆ, ಅದೂ ಅತ್ತೆಯ ಪೆಟ್ಟಿಗೆಯದೇ. ಸಾಲುಗಳನ್ನು ಅವರೇ ಕೂತು ಹೊಲಿಯುತ್ತಾರೆ. ನನ್ನ ಸಾಲು ವಕ್ರವಾದರೆ ಬಿಚ್ಚಿಸುತ್ತಾರೆ.

ಇಷ್ಟೆಲ್ಲ ಮಾಡಿದರೆ ಬಟ್ಟೆ ಹೆಚ್ಚು ಬೇಕು, ದಿನ ಹೆಚ್ಚು ಬೇಕು, ಬೆಲೆಯೂ ಹೆಚ್ಚಾಗುತ್ತದೆ. ಅದನ್ನು ಗಿರಾಕಿಗೆ ಮೊದಲೇ ಹೇಳಬೇಕು. ಅಗ್ಗಕ್ಕೆ ಕೊಡುತ್ತೇನೆಂದು ಒಗೆಯುವ ಕೆಲಸ ಬಿಟ್ಟರೆ ಆ ಖರ್ಚು ಆಮೇಲೆ ನಿಮ್ಮ ಮರ್ಯಾದೆಯಿಂದ ವಸೂಲಾಗುತ್ತದೆ. ಹಾಗಾಗಿ ಹೊಸದಾಗಿ ಹೊಲಿಗೆಗೆ ಕೂರುವ ಅಕ್ಕತಂಗಿಯರಲ್ಲಿ ನನ್ನ ಕೇಳಿಕೆ ಇಷ್ಟೇ: ಪ್ರಿಂಟು ಎಷ್ಟೇ ಚಂದವಿರಲಿ, ಒಗೆಯದ ಬಟ್ಟೆಗೆ ಕತ್ತರಿ ಹಾಕಬೇಡಿ. ಮಾರುವ ಮೊದಲು ಒಂದು ಕೌದಿಯನ್ನಾದರೂ ನೀವೇ ಹೊದ್ದು, ನಿಮ್ಮ ಕೈಯಾರೆ ಒಗೆದು ನೋಡಿ.